ಗುಡ್ಡೆಯೊಳಗೆ 40 ಕೋಲು

ಯಾವ ಕೋಟೆಗೆ ಹೋದರೂ ಗೈಡ್ ಒಂದು ಕಡೆ ನಿಂತು, ಕಲ್ಲು ತುಂಬಿಸಿ ಮುಚ್ಚಿದ ಕಿಂಡಿಯೊಂದನ್ನು ತೋರಿಸಿ, "ಇಲ್ಲಿಂದ ಸುರಂಗ ಇತ್ತು ಸಾರ್" ಎನ್ನುತ್ತಾನೆ. ಶ್ರೀರಂಗಪಟ್ಟಣದಲ್ಲಾದರೆ ಅದು ಮೈಸೂರಿಗೆ ಹೋಗುತ್ತದೆ. ಗೋಲ್ಕೊಂಡದಲ್ಲಾದರೆ ಚಾರ್ಮಿನಾರಿಗೆ. ನಾನಿರುವ ಪುಣೆಯಲ್ಲಿ ಶನಿವಾರವಾಡಾದಿಂದ ಪರ್ವತಿ ಗುಡ್ಡದವರೆಗೆ. ರಾಜ, ರಾಣಿ, ಒಡವೆಯ ಪೆಟ್ಟಿಗೆ, ಕೆಲವು ಕಡೆ ಕುದುರೆ ಕೂಡ ಅದರೊಳಗೆ ಓಡಿಹೋಗಿರುತ್ತದೆ. ಒಮ್ಮೆ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಬಂದಾಗ ನಾನು, "ನಮ್ಮ ಮನೆಯ ಹಿಂದೆಯೂ ಒಂದು ಸುರಂಗ ಇದೆ" ಎಂದೆ. ಎದುರು ಕೂತಿದ್ದ ನಾಸಿಕದ ಹುಡುಗ ಚಮಚ ಕೆಳಗಿಟ್ಟು, "ಯಾವ ರಾಜನದ್ದು?" ಎಂದು ಕೇಳಿದ. ನಮ್ಮ ಅಜ್ಜನದ್ದು ಎಂದೆ. ಒಳಗೆ ಏನು ಸಿಕ್ಕಿತು ಎಂದ. ನೀರು ಎಂದೆ. ಅವನಿಗೆ ಸ್ವಲ್ಪ ನಿರಾಸೆಯಾದದ್ದು ನಿಜ.

ಯುದ್ಧದ ಸುರಂಗಗಳು ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ದೌಲತಾಬಾದ್ ಕೋಟೆಯ 'ಅಂಧೇರಿ'ಯೊಳಗೆ ಒಮ್ಮೆ ನಡೆದರೆ ಸಾಕು. ಬಂಡೆಯನ್ನೇ ಕೊರೆದು ಮಾಡಿದ ಕತ್ತಲ ದಾರಿ ಅದು. ಒಳಹೊಕ್ಕ ಶತ್ರುವಿನ ದಿಕ್ಕು ತಪ್ಪಿಸುವುದೇ ಅದರ ಕೆಲಸ. ಆದರೆ ನಮ್ಮ ದೇಶದಲ್ಲಿ ನೆಲದಡಿ ತೋಡಿದ ದಾರಿಗಳಲ್ಲಿ ದಿನನಿತ್ಯ ಬಳಕೆಯಾದದ್ದು, ಜನರ ಹೊಟ್ಟೆ ತುಂಬಿಸಿದ್ದು ನೀರಿನ ಸುರಂಗಗಳು. ಅವುಗಳಿಗೆ ಗೈಡ್‌ಗಳಿಲ್ಲ.

ನಮ್ಮೂರು ಅಡ್ಯನಡ್ಕದ ಹತ್ತಿರ. ಕಾಸರಗೋಡು ಜಿಲ್ಲೆಯ ಉತ್ತರ ಭಾಗ, ದಕ್ಷಿಣ ಕನ್ನಡದ ಬಂಟ್ವಾಳ ಮತ್ತು ಪುತ್ತೂರು ತಾಲೂಕುಗಳ ದಕ್ಷಿಣದ ಅಂಚು, ಇಷ್ಟೂ ಸೇರಿ ಸುರಂಗಗಳ ಸೀಮೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಗೆರೆ ಈ ಸೀಮೆಯ ನಡುವೆಯೇ ಹೋಯಿತು. ಬಾಯಾರು, ಎಣ್ಮಕಜೆ, ಶೇಣಿ ಆಚೆಗೆ. ಮಾಣಿಲ, ಕೇಪು ಈಚೆಗೆ. ಕನ್ನಡ, ತುಳು ಆಡುವವರಿಗೆ ಸುರಂಗ, ಮಲಯಾಳ ಆಡುವವರಿಗೆ ತುರಂಗಂ. ಗುಡ್ಡೆ ಒಂದೇ, ನೀರೂ ಒಂದೇ.

ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನವರು ನೀರಿಗಾಗಿ ಗುಡ್ಡೆ ಕೊರೆಯುವುದೇಕೆ ಎಂದು ಬಯಲುಸೀಮೆಯ ಗೆಳೆಯರು ಕೇಳುತ್ತಾರೆ. ಬಿದ್ದ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ, ಸಮುದ್ರ ಸೇರಿಬಿಡುತ್ತದೆ. ಅಡಿಕೆ ಮರಕ್ಕೆ ನೀರು ಬೇಕಾಗುವುದು ಜನವರಿಯಿಂದ ಮೇ ತನಕ. ಗುಡ್ಡೆಯ ಬದಿಯಲ್ಲಿ ಬಾವಿ ತೋಡಿದರೆ ಬಹಳ ಆಳಕ್ಕೆ ಹೋಗಬೇಕು, ಹೋದ ಮೇಲೆ ಆ ನೀರನ್ನು ಮೇಲೆತ್ತಬೇಕು. ಕರೆಂಟು ಇಲ್ಲದ ಕಾಲದಲ್ಲಿ ಎತ್ತುವುದೆಂದರೆ ಏತ ಅಥವಾ ಹೆಂಗಸರ ಸೊಂಟ. ಗುಡ್ಡೆಗೆ ಅಡ್ಡಲಾಗಿ ಹೊಕ್ಕರೆ ಎತ್ತುವ ಪ್ರಶ್ನೆಯೇ ಇಲ್ಲ, ನೀರು ತಾನಾಗಿ ನಡೆದು ಬರುತ್ತದೆ. ಸುರಂಗದ ಬಾಯಿಯಿಂದ ಅಡಿಕೆ ದಂಬೆ ಇಟ್ಟು ಅಂಗಳದ ತೊಟ್ಟಿಗೆ, ತೊಟ್ಟಿ ತುಂಬಿದ್ದು ಕೆರೆಗೆ, ಕೆರೆಯಿಂದ ತೋಟಕ್ಕೆ. ಈಗ ದಂಬೆಯ ಜಾಗಕ್ಕೆ ಪ್ಲಾಸ್ಟಿಕ್ ಪೈಪ್ ಬಂದಿದೆ, ಉಳಿದದ್ದೆಲ್ಲ ಹಾಗೆಯೇ.

ಇದು ಸಾಧ್ಯವಾಗುವುದು ಮುರಕಲ್ಲಿನಿಂದ. ಸಣ್ಣ ಸಣ್ಣ ತೂತುಗಳಿರುವ ಈ ಕೆಂಪುಕಲ್ಲು ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಕುಡಿಯುತ್ತದೆ. ಕಡಿಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಸುರಂಗಕ್ಕೆ ಕಂಬ, ಕಮಾನು, ಸಾರಣೆ ಯಾವುದೂ ಬೇಡ. ಮುರಕಲ್ಲಿನ ಕೆಳಗೆ ಜೇಡಿಮಣ್ಣಿನ ಪದರ. ಇಳಿದು ಬಂದ ನೀರು ಅದನ್ನು ದಾಟಲಾರದೆ ಅಲ್ಲೇ ನಿಲ್ಲುತ್ತದೆ. ಸುರಂಗ ತಲುಪಬೇಕಾದದ್ದು ಈ ಎರಡೂ ಸೇರುವ ಜಾಗವನ್ನು. ಅಪಾಯ ಇರುವುದೂ ಅಲ್ಲೇ, ಏಕೆಂದರೆ ಮುರಕಲ್ಲು ನಿಲ್ಲುತ್ತದೆ, ಒದ್ದೆಯಾದ ಜೇಡಿ ನಿಲ್ಲುವುದಿಲ್ಲ. ಕುಸಿದರೆ ಒಳಗಿದ್ದವನಿಗೆ ಹಿಂದೆ ತಿರುಗಲೂ ಜಾಗ ಇರುವುದಿಲ್ಲ. ಅಗಲ ಎರಡು ಅಡಿ, ಎತ್ತರ ಐದೂವರೆಯಿಂದ ಆರು ಅಡಿ. ಒಬ್ಬ ಮನುಷ್ಯನ ಹೆಗಲಿಗೆ ಎಷ್ಟು ಬೇಕೋ ಅಷ್ಟೇ ಕೊರೆಯುವುದು ಪದ್ಧತಿ. ಒಂದು ಗೇಣು ಹೆಚ್ಚು ಅಗಲ ಮಾಡಿದರೆ ಹೊರಬೇಕಾದ ಮಣ್ಣೂ ಅಷ್ಟು ಹೆಚ್ಚು.

ಉದ್ದವನ್ನು ನಮ್ಮಲ್ಲಿ ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ನಮ್ಮ ಮನೆಯದು 40 ಕೋಲು, ಅಂದರೆ 100 ಅಡಿ. ಹತ್ತೇ ಅಡಿಗೆ ನೀರು ಸಿಕ್ಕ ಭಾಗ್ಯವಂತರಿದ್ದಾರೆ, 300 ಮೀಟರಿನಷ್ಟು ಉದ್ದದ ಸುರಂಗಗಳೂ ಈ ಸೀಮೆಯಲ್ಲಿವೆ. ಅಷ್ಟು ಉದ್ದಕ್ಕೆ ಹೋದರೆ ಗಾಳಿಗಾಗಿ ಮೇಲಿನಿಂದ ಒಂದು ಕಿಂಡಿ ತೋಡಬೇಕಾಗುತ್ತದೆ. ಕೆಲವು ಕಡೆ ಬಾವಿಯ ತಳದಿಂದಲೇ ಅಡ್ಡಕ್ಕೆ ಸುರಂಗ ಹೊಕ್ಕಿಸುತ್ತಾರೆ, ಬಾವಿಗೆ ಒರತೆ ಸಾಲದಾದಾಗ.

ನಮ್ಮಲ್ಲಿ ಸುರಂಗದ ಕೆಲಸಕ್ಕೆ ಬರುತ್ತಿದ್ದವರನ್ನು ಮಕ್ಕಳಾದ ನಾವೆಲ್ಲ ಸುರಂಗದಜ್ಜ ಎನ್ನುತ್ತಿದ್ದೆವು. ಅವರು ಮೊದಲ ದಿನ ಪಿಕ್ಕಾಸು ಮುಟ್ಟುತ್ತಲೇ ಇರಲಿಲ್ಲ. ಗುಡ್ಡೆ ಸುತ್ತುತ್ತಿದ್ದರು. ಬೇಸಿಗೆಯಲ್ಲೂ ಹಸಿರಾಗಿರುವ ಅತ್ತಿ, ಬಸರಿ, ಉಪ್ಪಳಿಗೆ ಎಲ್ಲೆಲ್ಲಿವೆ, ಹುತ್ತ ಎಲ್ಲಿದೆ, ಯಾವ ಮುರಕಲ್ಲಿನ ಬಣ್ಣ ಹೇಗೆ ಎಂದು ನೋಡಿ, ಸಂಜೆಗೆ ಒಂದು ಜಾಗದಲ್ಲಿ ಕತ್ತಿಯಿಂದ ಗೀರು ಹಾಕುತ್ತಿದ್ದರು. ಮರುದಿನದಿಂದ ಇಬ್ಬರು: ಒಬ್ಬ ಕಡಿಯಲಿಕ್ಕೆ, ಒಬ್ಬ ಬುಟ್ಟಿಯಲ್ಲಿ ಮಣ್ಣು ಹೊರಲಿಕ್ಕೆ. ಬೆಳಗ್ಗೆ ಬಿಸಿಲು ಬರುವ ದಿಕ್ಕಾದರೆ ಸುರಂಗದ ಬಾಯಲ್ಲಿ ಒಂದು ಕನ್ನಡಿ ಇಟ್ಟು ಒಳಗೆ ಬೆಳಕು ಹಾಯಿಸುತ್ತಿದ್ದರು. ನಡುಹಗಲಾದ ಮೇಲೆ ಮೇಣದ ಬತ್ತಿ. ಆ ಬತ್ತಿಗೆ ಬೆಳಕಿಗಿಂತ ದೊಡ್ಡ ಕೆಲಸ ಒಂದಿತ್ತು. "ದೀಪ ಸಣ್ಣ ಆದರೆ ಹೊರಟು ಬರುವುದು. ಮತ್ತೆ ಕೇಳಲಿಕ್ಕೆ ಏನಿಲ್ಲ" ಎನ್ನುತ್ತಿದ್ದರು ಅವರು. ಗಾಳಿ ಕಡಿಮೆಯಾದದ್ದು ಮನುಷ್ಯನ ಎದೆಗಿಂತ ಮೊದಲು ಬತ್ತಿಗೆ ಗೊತ್ತಾಗುತ್ತದೆ.

ಬಿ.ಇ.ಯಲ್ಲಿ ಸಿವಿಲ್ ಓದಿ ಎಂ.ಟೆಕ್‌ಗೆ ಕಂಪ್ಯೂಟರಿನ ಕಡೆ ಹಾರಿದವ ನಾನು. ನನಗೆ ಈ ಕೆಲಸದಲ್ಲಿ ಬಹಳ ಹಿಡಿಸುವುದು ಇಳಿಜಾರಿನ ಲೆಕ್ಕ. ಇರಾನಿನ ಕನಾತ್‌ಗಳಲ್ಲಿ ಮೊದಲು ಎತ್ತರದ ಜಾಗದಲ್ಲಿ ತಾಯಿಬಾವಿ ತೋಡಿ ನೀರಿದೆಯೇ ನೋಡುತ್ತಾರೆ. ಆಮೇಲೆ ಅಲ್ಲಿಂದ ಊರಿನವರೆಗೆ ಸಾಲಾಗಿ ಬಾವಿಗಳನ್ನಿಳಿಸಿ, ಅವುಗಳ ತಳವನ್ನು ಒಂದೇ ಓರೆಯಲ್ಲಿ ಜೋಡಿಸುತ್ತಾರೆ. ಅದಕ್ಕೆ ನುರಿತ ಅಳತೆಗಾರ ಬೇಕು. ಓರೆ ಹೆಚ್ಚಾದರೆ ನೀರು ತಳವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ನಮ್ಮ ಸುರಂಗದಲ್ಲಿ ಅಳತೆಗಾರ ನೀರೇ. ಹೊರಗಿನಿಂದ ಒಳಕ್ಕೆ, ತುಸು ಮೇಲಕ್ಕೆ ಕಡಿಯುತ್ತಾ ಹೋಗುವುದು. ಮೊದಲ ಒಸರು ಕಂಡ ಮೇಲೆ ಆ ನೀರು ಹಿಂದಕ್ಕೆ ಹರಿಯುತ್ತಿದೆಯೇ, ಕಾಲಬುಡದಲ್ಲಿ ನಿಂತಿದೆಯೇ ಎಂದು ನೋಡಿಕೊಂಡರೆ ಸಾಕು. ನಿಂತರೆ ತಳ ತಗ್ಗಿದೆ ಎಂದರ್ಥ. ಓದು ಬಾರದ ಸುರಂಗದಜ್ಜ 40 ಕೋಲು ದೂರಕ್ಕೆ ಓರೆ ತಪ್ಪದಂತೆ ಹೋದದ್ದು ಹೀಗೆ. ಕನಾತನ್ನು ಕಂಡ ಅರಬರಿಂದ ಈ ವಿದ್ಯೆ ಕರಾವಳಿಗೆ ಬಂತೆಂದು ಕೆಲವರು ಹೇಳುತ್ತಾರೆ. ಇರಲೂಬಹುದು. ಆದರೆ ಬಾವಿ ಸಾಲು ಬೇಡದ, ಇಬ್ಬರೇ ಮಾಡಿ ಮುಗಿಸುವ ಈ ರೀತಿ ಮುರಕಲ್ಲಿನ ಗುಡ್ಡೆಯೇ ಕಲಿಸಿದ್ದು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಒಬ್ಬರೇ ಮಾಡಿದವರೂ ಇದ್ದಾರೆ. ನಮ್ಮ ಪಕ್ಕದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪುಣೆಯಲ್ಲಿ ಕುಳಿತಿದ್ದ ನನಗೆ ನಮ್ಮ ಮನೆಗೇ ಬಂದಷ್ಟು ಸಂತೋಷವಾಗಿತ್ತು. ಅಡಿಕೆ ಮರ ಏರುವ ಕೂಲಿ ಕೆಲಸ ಮಾಡುತ್ತಿದ್ದ ಅವರಿಗೆ ಯಜಮಾನರೊಬ್ಬರು ಕೊಟ್ಟ ಜಾಗ ನೀರಿಲ್ಲದ ಬೋಳು ಇಳಿಜಾರು. ಹಗಲಿನ ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಸುರಂಗ ತೋಡಿದರು. ಒಂದರಲ್ಲಿ ನೀರು ಬರಲಿಲ್ಲ, ಇನ್ನೊಂದು ಶುರು ಮಾಡಿದರು. ಅದರಲ್ಲೂ ಬರಲಿಲ್ಲ, ಮತ್ತೊಂದು. ವರ್ಷಗಳೇ ಹೋದವು, ಊರಿನವರು ನಕ್ಕರು. ಕೊನೆಗೆ ನೀರು ಬಂತು, ಆ ಇಳಿಜಾರಿನಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. ಪತ್ರಿಕೆಗಳು ಅವರ ಛಲವನ್ನು ಹೊಗಳಿದವು, ಸರಿಯೇ. ಆದರೆ ಗದ್ದೆ, ಹೊಳೆಬದಿ, ತಗ್ಗಿನ ತೋಟ ಎಲ್ಲ ಮೊದಲೇ ಉಳ್ಳವರ ಕೈಯಲ್ಲಿದ್ದು, ಇಲ್ಲದವರ ಪಾಲಿಗೆ ಉಳಿದದ್ದು ಗುಡ್ಡೆಯ ನೆತ್ತಿ ಎಂಬುದೂ ಆ ಕಥೆಯೊಳಗಿದೆ. ಸುರಂಗ ಬಡವನ ನೀರಾವರಿ. ಬೇಕಾದದ್ದು ಒಂದು ಪಿಕ್ಕಾಸು, ಎರಡು ತೋಳು, ಮತ್ತೆ ನೀರು ಬಾರದೇ ಹೋದರೆ ಇನ್ನೊಮ್ಮೆ ಆರಂಭಿಸುವ ಮನಸ್ಸು.

ರಾಜರು ಮಾಡಿಸಿದ ನೀರಿನ ಸುರಂಗಗಳ ಗತ್ತೇ ಬೇರೆ. ಪುಣೆಯಲ್ಲಿರುವ ನಮ್ಮವರಿಗೆ ಕಾತ್ರಜ್ ಎಂದರೆ ಊರಿಗೆ ಹೋಗುವ ರಾತ್ರಿ ಬಸ್ಸು ಹೊಕ್ಕು ಹೊರಡುವ ಹೈವೇ ಸುರಂಗ. ಅದಕ್ಕಿಂತ ಎರಡೂವರೆ ಶತಮಾನ ಹಿಂದಿನ ಇನ್ನೊಂದು ಸುರಂಗ ಅದೇ ಕಾತ್ರಜ್‌ನಿಂದ ಹೊರಡುತ್ತದೆ. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಲ್ಲಿನ ಕಾಲುವೆಯಲ್ಲಿ ನೀರನ್ನು ಶನಿವಾರವಾಡಾದವರೆಗೂ ಊರಿನ ಪೇಟೆಗಳಿಗೂ ತಂದ. ಆಳು ನಡೆಯುವಷ್ಟು ಎತ್ತರದ ಕಾಲುವೆ. ನಡುನಡುವೆ ಗಾಳಿಗೂ ಹೂಳೆತ್ತಲು ಇಳಿಯುವುದಕ್ಕೂ ಬಿಟ್ಟ ಕಿಂಡಿಗಳಿವೆ. ಮರಾಠಿಯಲ್ಲಿ ಅವುಗಳ ಹೆಸರು 'ಉಚ್ಛ್ವಾಸ'. ಸುರಂಗ ಉಸಿರಾಡುವ ಜಾಗ ಎಂದು ಅರ್ಥಮಾಡಿಕೊಂಡ ದಿನ ನಾನು ಆ ಹೆಸರಿಟ್ಟವನಿಗೆ ಮನಸ್ಸಿನಲ್ಲೇ ಕೈಮುಗಿದೆ. ನೀರು ಬಂದು ತುಂಬುತ್ತಿದ್ದ ಸಾರ್ವಜನಿಕ ತೊಟ್ಟಿಗಳು 'ಹೌದ್'ಗಳು. ಇಂದು ತೊಟ್ಟಿಗಳು ಹೋಗಿ ಹೆಸರುಗಳು ಉಳಿದಿವೆ. ಫಡ್ಕೆ ಹೌದ್ ಚೌಕದಲ್ಲಿ ಆಟೋ ಇಳಿಯುವವರಲ್ಲಿ ಎಷ್ಟು ಜನ ಹೌದ್ ಎಂದರೇನೆಂದು ಯೋಚಿಸುತ್ತಾರೋ! ಕನ್ನಡಿಗನಾದ ನಾನು ಮೊದಮೊದಲು "ಹೌದು" ಎಂದುಕೊಂಡು ನಗುತ್ತಿದ್ದೆ.

ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಬೀದರ್ ಒಂದು ದಿನದ ದಾರಿ ಕೂಡ ಅಲ್ಲ. ಅಲ್ಲಿನ ನೌಬಾದ್ ಕಾರೇಜ್ 15ನೇ ಶತಮಾನದ್ದು, ಬಹಮನಿಗಳ ಕಾಲದ್ದು. 2 ಕಿಲೋಮೀಟರಿಗೂ ಉದ್ದ, ಮೇಲೆ 20ಕ್ಕೂ ಹೆಚ್ಚು ಬಾವಿಬಾಯಿಗಳು. ಇಲ್ಲಿ ಇರಾನಿನ ನಂಟು ಊಹೆಯ ಮಾತಲ್ಲ. ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಶಾ ಕಿರ್ಮಾನ್ ಕಡೆಯ ಸೂಫಿ ಶಾ ನಿಯಾಮತುಲ್ಲಾ ಅವರ ಮನೆತನದವರನ್ನು ಕರೆಸಿಕೊಂಡಿದ್ದ. ಅವರ ಮಗ ಖಲೀಲುಲ್ಲಾ ಅವರ ಸಮಾಧಿ ಅಷ್ಟೂರಿನ ದಾರಿಯಲ್ಲೇ ಇದೆ. ಕಿರ್ಮಾನ್ ಎಂದರೆ ಕನಾತ್‌ಗಳ ನಾಡು. ಬೀದರಿನ ನೆಲವೂ ನಮ್ಮೂರಿನಂತೆಯೇ ಕೆಂಪು ಜಂಬಿಟ್ಟಿಗೆ. ಅದರಡಿಗೆ ಕರಿಕಲ್ಲು ಇರುವುದರಿಂದ ಅವೆರಡರ ನಡುವೆ ನೀರು ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡಿದವರು ಆ ಒಸರಿನ ತಂಪನ್ನು ಮೈಮೇಲೆ ಅನುಭವಿಸಿದ್ದಾರೆ. ನೌಬಾದಿನ ಬಾವಿಬಾಯಿಗಳು ಕಸ, ಹೂಳು ತುಂಬಿ ಮುಚ್ಚಿಹೋಗಿದ್ದವು. ಸುಮಾರು ಹತ್ತು ವರ್ಷಗಳ ಹಿಂದೆ ಹೂಳೆತ್ತುವ ಕೆಲಸ ಶುರುವಾದಾಗ ಕೆಳಗೆ ನೀರು ಇನ್ನೂ ಇತ್ತು. ವಿಜಯಪುರದ ತೊರವಿಯ ಸುರಂಗ ಬಾವಡಿಯೂ ಇದೇ ಕುಲದ್ದು. ಆದಿಲ್‌ಶಾಹಿಗಳು ಅಲ್ಲಿಂದ ಊರೊಳಕ್ಕೆ ನೀರು ತಂದದ್ದು ನೆಲದಡಿಯಲ್ಲೇ. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳಿಗೆ ಜಾಗ ಸಿಕ್ಕಿತು, ಅದರೊಳಗೆ ಈ ಬಾವಡಿಯೂ ಸೇರಿತು.

ರಾಜರ ಸುರಂಗ ಹಾಳಾಗುವುದು ರಾಜ್ಯ ಹೋದಾಗ. ಬಡವನದ್ದು ಹಾಳಾಗುವುದು ಮನೆಯ ಗಂಡಸರು ಪುಣೆಗೋ ಬೆಂಗಳೂರಿಗೋ ಹೋದಾಗ. ಸುರಂಗ ಒಮ್ಮೆ ತೋಡಿ ಬಿಡುವ ವಸ್ತುವಲ್ಲ. ಪ್ರತಿವರ್ಷ ಮಳೆ ಬಿಟ್ಟ ಮೇಲೆ ಒಳಹೊಕ್ಕು ಬೇರು ಕಡಿಯಬೇಕು, ಉದುರಿದ ಮಣ್ಣು ಎಳೆದು ಹಾಕಬೇಕು. ಬಾವಲಿ ಇರುತ್ತದೆ, ಕೆಲವೊಮ್ಮೆ ಮುಳ್ಳುಹಂದಿ, ಹಾವು ಇಲ್ಲವೆಂದು ಯಾರೂ ಭರವಸೆ ಕೊಡುವುದಿಲ್ಲ. ನಾನು ರಜೆ ಹಾಕಿ ಡಿಸೆಂಬರಿನಲ್ಲಿ ಊರಿಗೆ ಹೋಗುವುದು ಇದಕ್ಕೇ. ಟೀಮಿನಲ್ಲಿ ಎಲ್ಲರೂ ಕ್ರಿಸ್‌ಮಸ್ ರಜೆಗೆ ಗೋವಾ ಎನ್ನುವಾಗ ನನ್ನ ರಜೆ ಅರ್ಜಿಯ ಕಾರಣವನ್ನು 'ಮನೆ ಕೆಲಸ' ಎಂದಷ್ಟೇ ಬರೆಯುತ್ತೇನೆ. ಸುರಂಗದಜ್ಜ ಈಗಿಲ್ಲ. ಅವರ ಜೊತೆ ಮಣ್ಣು ಹೊರುತ್ತಿದ್ದವರಿಗೆ 68 ವರ್ಷ, ಮೊಣಕಾಲು ಮಡಚುವುದಿಲ್ಲ. ಅವರು ಬಾಯಲ್ಲಿ ಸ್ಟೂಲ್ ಹಾಕಿ ಕೂತು ಬತ್ತಿ ನೋಡಿಕೊಳ್ಳುತ್ತಾರೆ, ಒಳಗೆ ನಾನು ಮತ್ತು ತಮ್ಮ.

ತಮ್ಮ ಊರಲ್ಲೇ ಇದ್ದಾನೆ, ತೋಟ ಅವನದ್ದೇ ಹೊಣೆ. ಆರು ವರ್ಷದ ಹಿಂದೆ ಮೇಲಿನ ಮನೆಯವರು ಬೋರ್‌ವೆಲ್ ತೆಗೆಸಿದರು. ಅವರ ಜಾಗ, ಅವರ ಅಗತ್ಯ. ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ಭೂಮಿಯ ಒಡೆಯ ತನ್ನ ಗಡಿಯೊಳಗೆ ತೆಗೆದುಕೊಳ್ಳಬಹುದು ಎಂದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ನೀರಿಗೆ ಮಾತ್ರ ಆ ಗಡಿ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ರೂಢಿ ಇದೆ: ಪತ್ತನಾಜೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಬೇಸಿಗೆ ಮುಗಿಯುವ ಹೊತ್ತಿಗೆ ಸುರಂಗದ ನೀರಿನಲ್ಲಿ ಒಂದು ಕೊಡಪಾನ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ ಪಂಚಾಂಗದ ಅಂಚಿನಲ್ಲಿ ಬರೆದಿಡುವುದು. ಅಜ್ಜ ಬಾಯಲ್ಲಿ ಎಣಿಸುತ್ತಿದ್ದರು, ಅಪ್ಪ ವಾಚು ನೋಡುತ್ತಾರೆ, ನಾನು ಆ ಪಂಚಾಂಗಗಳನ್ನೆಲ್ಲ ಒಟ್ಟುಮಾಡಿ ಎಕ್ಸೆಲ್‌ಗೆ ಹಾಕಿದ್ದೇನೆ. ಅಪ್ಪನ ವಾಚಿನ ಮೊದಲ ವರ್ಷಗಳಲ್ಲಿ 2 ನಿಮಿಷದ ಆಚೀಚೆ. ಬೋರ್ ಆದ ಎರಡನೇ ವರ್ಷ 4 ನಿಮಿಷ 20 ಸೆಕೆಂಡ್. ಕೊಡಪಾನಕ್ಕೆ 15 ಲೀಟರ್ ಎಂದು ಲೆಕ್ಕ ಹಾಕಿ: ದಿನಕ್ಕೆ 10,800 ಲೀಟರ್ ಇದ್ದದ್ದು 5,000ಕ್ಕೆ ಇಳಿದಿತ್ತು. ಅಷ್ಟರಲ್ಲಿ ಮನೆಖರ್ಚು ಕಳೆದು ತೋಟದ ಎಲ್ಲ ಮರಗಳಿಗೆ ಸಾಲುವುದಿಲ್ಲ.

"ನಾವೂ ಬೋರ್ ತೆಗೆಸುವ ಅಣ್ಣ. ಇನ್ನೆಷ್ಟು ಸಮಯ ಇದನ್ನೇ ನಂಬಿ ಕೂರುವುದು? ನಿನಗೆ ಸಂಬಳ ಬರ್ತದೆ, ನನಗೆ ಮರ ಒಣಗಿದರೆ ಐದು ವರ್ಷ ಹೋಯ್ತು" ಎಂದ ತಮ್ಮ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 2019ರ ಮೇ ತಿಂಗಳಲ್ಲಿ ಧರ್ಮಸ್ಥಳದಲ್ಲೇ ನೀರು ಸಾಲದೆ, ಯಾತ್ರೆ ಮುಂದೂಡಿ ಎಂದು ಭಕ್ತರಲ್ಲಿ ಕೇಳಿಕೊಳ್ಳಬೇಕಾದ ಸ್ಥಿತಿ ಬಂದಿತ್ತು. ಅಪ್ಪ ಏನೂ ಹೇಳದೆ ಎಲೆಅಡಿಕೆಗೆ ಸುಣ್ಣ ಹಚ್ಚುತ್ತಾ ಕೂತರು. ಅಜ್ಜ ತೋಡಿಸಿದ್ದನ್ನು ಬಿಡಬೇಡಿ ಎಂದು ಅವರು ಹೇಳಿದ್ದರೆ ತಮ್ಮನಿಗೆ ಕೋಪ ಬರುತ್ತಿತ್ತು; ಬಿಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ನನಗೆ ಕಂಡ ದಾರಿ ಒಂದೇ: ಗುಡ್ಡೆಯ ನೆತ್ತಿಯಲ್ಲಿ ಓಡಿಹೋಗುವ ಮಳೆಯನ್ನು ಅಲ್ಲೇ ಇಂಗಿಸುವುದು. ನಮ್ಮ ಸೀಮೆಯವರೇ ಆದ ಶ್ರೀ ಪಡ್ರೆಯವರು ಎಷ್ಟೋ ವರ್ಷಗಳಿಂದ ಇದನ್ನೇ ಬರೆಯುತ್ತಾ ಬಂದಿದ್ದಾರೆ, ಅಪ್ಪನ ಕಪಾಟಿನಲ್ಲಿ 'ಅಡಿಕೆ ಪತ್ರಿಕೆ'ಯ ಕಟ್ಟುಗಳೇ ಇವೆ. ಆದರೆ ನೆತ್ತಿ ಇರುವುದು ಮೇಲಿನ ಮನೆಯವರ ಜಾಗದಲ್ಲಿ. ಬೋರ್ ಬಂದ ಮೇಲೆ ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿತ್ತು. ಒಂದು ಡಿಸೆಂಬರಿನಲ್ಲಿ ನಾನು, ಅಪ್ಪ ಇಬ್ಬರೂ ಹೋದೆವು. ಎಕ್ಸೆಲ್ ತೋರಿಸುವ ಯೋಚನೆ ನನಗಿತ್ತು, ಅಪ್ಪ ಬೇಡ ಎಂದು ಕಣ್ಣುಸನ್ನೆ ಮಾಡಿದರು. ಅರ್ಧ ಗಂಟೆ ಅಡಿಕೆಯ ರೇಟು, ಕೊಳೆರೋಗ, ಯಕ್ಷಗಾನ ಆದ ಮೇಲೆ ಅಪ್ಪ, "ನಿಮ್ಮ ಬೋರಿನಲ್ಲಿ ಈಗ ಹೇಗೆ?" ಎಂದು ಕೇಳಿದರು. ಮೇಲಿನ ಮನೆಯ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಪ್ರಿಲಿನಲ್ಲಿ ಒಂದು ಗಂಟೆ ಓಡಿದರೆ ಹೆಚ್ಚು" ಎಂದರು. ಆಮೇಲೆ ಮಾತು ಸುಲಭವಾಯಿತು. ಅವರ ಜಾಗ, ನಮ್ಮ ಖರ್ಚು. ನೆತ್ತಿಯಲ್ಲಿ 30 ಇಂಗುಗುಂಡಿ, ಎರಡು ಅಡ್ಡ ಕಣಿ.

ಅದಾಗಿ ಎರಡು ಮಳೆಗಾಲ ಕಳೆದಿದೆ. ಮೊದಲ ಪತ್ತನಾಜೆಗೆ ಏನೂ ಬದಲಾಗಿರಲಿಲ್ಲ, 4 ನಿಮಿಷ 15 ಸೆಕೆಂಡ್. ತಮ್ಮ ಆ ಅಂಕಿಯನ್ನು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಕೆಳಗೆ ಬೋರ್ ಏಜೆಂಟಿನ ಫೋನ್ ನಂಬರನ್ನೂ ಕಳಿಸಿದ್ದ. ಈ ಸಲ 3 ನಿಮಿಷ 35 ಸೆಕೆಂಡ್. ಮಳೆ ಚೆನ್ನಾಗಿತ್ತು ಎಂಬುದೂ ಕಾರಣವಿರಬಹುದು, ಒಂದು ವರ್ಷದ ಅಂಕಿ ಹಿಡಿದು ಹಾರಾಡುವಂತಿಲ್ಲ ಎಂದು ನಾನೇ ಅವನಿಗೆ ಹೇಳಿದೆ. ಅವನು ಏಜೆಂಟನಿಗೆ ಫೋನ್ ಮಾಡಿ "ಈ ವರ್ಷಕ್ಕೆ ಬೇಡ" ಎಂದಿದ್ದಾನೆ. ಮುಂದಿನ ವರ್ಷದ ಮಾತು ಎತ್ತಿಲ್ಲ. ಡಿಸೆಂಬರ್ 22ಕ್ಕೆ ನನ್ನ ಬಸ್ ಟಿಕೆಟ್ ಆಗಿದೆ.